ಅಕ್ಕನ ಹೊಲಿಗೆ ಕೋಣೆಗೆ ವೈಫೈ

ಅಕ್ಕನಿಗೆಂದು ನಾನು ಒಯ್ದ ರೌಟರ್ ಬಿಳಿಯದಿತ್ತು, ಅಥವಾ ಬಿಳಿ ಇರಲಿಲ್ಲವೇನೋ, ಕಪ್ಪೇ ಇದ್ದಿರಬೇಕು. ಕಮಲಾಪುರದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದ ಹೆಂಗಸು ಅದರ ಮೇಲಿನ ಚಿತ್ರ ನೋಡಿ "ಇದೇನ್ರೀ, ಚೇಳಿನಂಗ ಕಾಣ್ತದ" ಅಂದದ್ದು ನೆನಪಿದೆ. ಬಿಳಿಯದನ್ನು ನೋಡಿ ಯಾರೂ ಹಾಗೆ ಅನ್ನುವುದಿಲ್ಲ. ಆದರೆ ಆ ಹೆಂಗಸನ್ನೂ ನನ್ನ ನೆನಪು ಬೇರೆ ಯಾವುದೋ ಬಸ್ಸಿನಿಂದ ಇಳಿಸಿ ಇಲ್ಲಿ ತಂದು ಕೂರಿಸಿರಬಹುದು. ಎಂಟು ಆಂಟೆನಾ ಇದ್ದದ್ದು ಮಾತ್ರ ಖರೆ. ಎಣಿಸಿದ್ದೆ.

ಆ ವಾರದ ನೆನಪನ್ನು ನಂಬದಿರಲು ಇನ್ನೊಂದು ಕಾರಣವಿದೆ. ಅದರಲ್ಲಿ ಅಕ್ಕ ಮಾತಾಡುತ್ತಾಳೆ. ದನಿ ತೆಗೆದು, ನಮ್ಮೂರ ಕನ್ನಡದಲ್ಲಿ, ಅಣ್ಣನನ್ನು ಬೈಯುತ್ತಾಳೆ ಕೂಡ. ಅಕ್ಕನಿಗೆ ಒಂದೂವರೆ ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು, ಬಾಯಿಮಾತು ಬರಲೇ ಇಲ್ಲ. ಮನೆಯಲ್ಲಿ ನಾವು ಅವಳೊಂದಿಗೆ ಮಾತಾಡುವುದು ಕೈಯಲ್ಲಿ, ನಾವೇ ಕಟ್ಟಿಕೊಂಡ ಸನ್ನೆಗಳಲ್ಲಿ. ಅಣ್ಣ ಅಂದರೆ ಮೀಸೆ ತಿರುವುವುದು, ಅವನಿಗೆ ಮೀಸೆ ಬರುವ ಮೊದಲಿನಿಂದಲೂ. ಅಣ್ಣನ ಹೆಂಡತಿ, ಅಂದರೆ ವೈನಿ, ಮೂಗುಬೊಟ್ಟು ಮುಟ್ಟಿದರೆ. ನಾನು ಅಂದರೆ ಕಿವಿ ಹಿಡಿದು ಎಳೆಯುವುದು. ಸಣ್ಣವಳಿದ್ದಾಗ ಅವಳು ನನ್ನ ಕಿವಿಯನ್ನು ಅಷ್ಟು ಎಳೆದಿದ್ದಾಳೆ. ಹಾಗಾಗಿ ಕೆಳಗೆ ಅಕ್ಕ ಹೇಳಿದ್ದೆಂದು ನಾನು ಬರೆಯುವುದೆಲ್ಲ ಅವಳ ಕೈ ಹೇಳಿದ್ದು. ಅದಕ್ಕೆ ಕನ್ನಡ ತೊಡಿಸಿದವಳು ನಾನು.

ಅಕ್ಕ ಕಮಲಾಪುರದ ನಮ್ಮ ಮನೆಯಲ್ಲಿ ಅಣ್ಣ, ವೈನಿ ಜೊತೆ ಇದ್ದಳು. ಬ್ಲೌಸು ಹೊಲಿಯುತ್ತಿದ್ದಳು. ಸಂತೆಯ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತರೆ ಅವಳು ಹೊಲಿದ ತೋಳುಗಳೇ ಕಾಯಿಪಲ್ಲೆ ಚೀಲ ಹಿಡಿದು ಓಡಾಡುವುದು ಕಾಣುತ್ತಿತ್ತು. ನಲವತ್ತು ದಾಟಿದ ಮೇಲೆ, ಫೋನಿನಲ್ಲಿ ಕಿವುಡರದೊಂದು ಗುಂಪು ಸೇರಿ ಅವಳು ಸರಿಯಾದ ಸಂಜ್ಞೆ ಭಾಷೆ ಕಲಿತಳು. ನಮ್ಮ ಕೈಸನ್ನೆ ಅವಳಿಗೆ ಸಾಲದಾಯಿತು. ಆ ಗುಂಪಿನವರೊಂದಿಗೆ ಅವಳು ಮಾತಾಡುವಾಗ ನಮಗೆ ಹತ್ತಕ್ಕೆ ಒಂದು ಗೊತ್ತಾದರೆ ಹೆಚ್ಚು.

ನಂದೂರಿನ ದಾಲ್ ಮಿಲ್ಲಿನವನು ಆ ಗುಂಪಿನಲ್ಲೇ ಇದ್ದ. ಅವನಿಗೂ ಕಿವಿ ಕೇಳುವುದಿಲ್ಲ. "ಮಿಲ್ಲಿನ ಸಪ್ಪಳದಾಗ ಅಲ್ಲಿ ಯಾರಿಗೂ ಏನೂ ಕೇಳಂಗಿಲ್ಲ. ಎಲ್ಲಾರೂ ಕೈಲೇ ಮಾತಾಡ್ತಾರ. ಶುದ್ಧ ಮಾತಾಡ್ಲಾಕ ಬರೋದು ನನಗೊಬ್ಬನಿಗೇ" ಎಂದು ಅವನು ಹೇಳಿದ್ದನ್ನು ಅಕ್ಕ ನಮಗೆ ಮೂರು ಸಲ ಹೇಳಿ ಮೂರು ಸಲವೂ ನಕ್ಕಿದ್ದಳು. ಅಲ್ಲಿಗೇ ನಮಗೆ ತಿಳಿಯಬೇಕಿತ್ತು. ತಿಳಿದದ್ದು ಅವನ ಮನೆಯ ಹಿರಿಯರು, ಮುಂದಿನ ಬುಧವಾರ ಹೆಣ್ಣು ಕೇಳಲು ಬರುತ್ತೇವೆ ಎಂದು ಹೇಳಿ ಕಳಿಸಿದಾಗ.

ಅಕ್ಕ ಒಂದು ಷರತ್ತು ಹಾಕಿದಳು. ಬುಧವಾರಕ್ಕೆ ಮೊದಲು, ಮಿಲ್ಲಿಗೆ ಸೂಟಿ ಇರುವ ರವಿವಾರ ಮಧ್ಯಾಹ್ನ, ಅವನೊಬ್ಬನೇ ತಾನೊಬ್ಬಳೇ ಒಂದು ಸಲ ಮಾತಾಡಬೇಕು. ಗುಂಪಿನಲ್ಲಿ ಮಾತಾಡಿದ್ದಳು ನಿಜ, ಆದರೆ ಅಲ್ಲಿ ಒಂದೇ ಪರದೆಯ ಮೇಲೆ ಹನ್ನೆರಡು ಮಂದಿ, ಒಬ್ಬೊಬ್ಬರ ಕೈ ಹುಣಸೆ ಬೀಜದಷ್ಟು. "ಮಂದಿ ಬಂದು ಚಹಾ ಕುಡಿದ ಮ್ಯಾಲ ಒಲ್ಲೆ ಅನ್ನಲಾಕ ಬರಂಗಿಲ್ಲ" ಅಂದಳು. ಕಲಬುರಗಿಗೆ ಹೋಗಿ ಭೇಟಿಯಾಗಲು ಅಣ್ಣ ಒಪ್ಪಲಿಲ್ಲ. ಉಳಿದದ್ದು ವಿಡಿಯೊ.

ವಿಡಿಯೊಗೆ ನಮ್ಮ ಮನೆ ಅಡ್ಡ. ಕೇಬಲ್‌ನವನು ಕೊಟ್ಟ ಸಣ್ಣ ಡಬ್ಬಿ ಮುಂದಿನ ಹಾಲ್‌ನಲ್ಲಿ, ಬುದ್ಧನ ಪಟದ ಕೆಳಗೆ. ಅಕ್ಕನ ಹೊಲಿಗೆ ಕೋಣೆ ಹಾಲ್ ದಾಟಿ, ಪಡಸಾಲೆ ದಾಟಿ, ಕೊನೆಗೆ. ನಡುವೆ ಎರಡು ಕಲ್ಲಿನ ಗೋಡೆ. ಆ ಕೋಣೆಯಲ್ಲಿ ಮೊಬೈಲ್ ನೆಟ್ ಕೂಡ ಬರುವುದಿಲ್ಲ. ಮಾಳಿಗೆ ಮೇಲೆ ಬರುತ್ತದೆ, ಆದರೆ ಮೇ ತಿಂಗಳ ಬಿಸಿಲಲ್ಲಿ ಅಲ್ಲಿ ಫೋನಿನ ಪರದೆ ಕಾಣುವುದಿಲ್ಲ, ಮನುಷ್ಯರು ನಿಲ್ಲುವುದೂ ಇಲ್ಲ. ನಾವು ಬಾಯಲ್ಲಿ ಮಾತಾಡುವವರು, ದನಿ ಕತ್ತರಿಸಿದರೆ ಅಂದಾಜಿನ ಮೇಲೆ ತುಂಬಿಕೊಳ್ಳುತ್ತೇವೆ. ಚಿತ್ರ ನಿಂತರೆ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ. ಮುಂದೆ ಅದು ಯಾವ ಕಡೆ ತಿರುಗಿತೆಂದು ಹೇಗೆ ತಿಳಿಯಬೇಕು?

"ಹಾಲ್‌ನಾಗೇ ಕುಂತು ಮಾತಾಡ್ಲಿ ಬಿಡ್ರಿ, ನಾವೂ ಅಂವನ್ನ ನೋಡ್ದಂಗಾಯ್ತು" ಎಂದಳು ವೈನಿ. ಆಗ ಅಕ್ಕ "ನಿಮ್ಮ ಗೋಡೆಗೆ ಕಿವಿ ಇದ್ದಂಗ ನನ್ನ ಗೋಡೆಗೆ ಕಣ್ಣು ಅವ" ಅಂದಳೆಂದು ನಾನು ಬಹಳ ಮಂದಿಗೆ ಹೇಳಿಕೊಂಡು ಬಂದಿದ್ದೇನೆ. ಇಷ್ಟು ಚೆಂದದ ಮಾತು ನಮ್ಮ ಸನ್ನೆಯಲ್ಲಿ ಹೇಳಲು ಬರುವುದೇ ಇಲ್ಲ. ಅವಳು ಅಂದದ್ದು ಇಷ್ಟೇ ಇರಬೇಕು: ಹಾಲ್ ಬೇಡ. ನೀವು ಬೇಡ. ಬಾಗಿಲು ಮುಚ್ಚಬೇಕು.

ನಾನಿರುವುದು ಕಲಬುರಗಿಯಲ್ಲಿ, ಸೇಡಂ ರಸ್ತೆಯ ಹತ್ತಿರದ ಬಡಾವಣೆಯಲ್ಲಿ. ಹಾಗಾಗಿ ರೌಟರ್ ತರುವ ಕೆಲಸ ನನ್ನದಾಯಿತು. ಗುರುವಾರ ಕಚೇರಿಗೆ ರಜೆ ಹಾಕಿ ಅಂಗಡಿಗೆ ಹೋಗಿ "ಇರೋದ್ರಾಗ ದೊಡ್ಡದು ಕೊಡ್ರಿ" ಅಂದೆ. ಎಂಟು ಆಂಟೆನಾದ್ದು ಬಂತು. ಅಂದೇ ಬಸ್ಸು ಹತ್ತಿ ಒಯ್ದು ಹಾಲ್‌ನಲ್ಲಿ ಹಚ್ಚಿದೆವು. ಅಕ್ಕ ಅದನ್ನು ಸುತ್ತ ತಿರುಗಿ ನೋಡಿ, ಹಣೆಯ ಮೇಲೆ ಕೊಂಬಿನಂತೆ ಎರಡು ಬೆರಳಿಟ್ಟು ಆಡು ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ರೌಟರಿಗೆ ಆಡು ಎಂದೇ ಹೆಸರು.

ಪರೀಕ್ಷೆ ಹೀಗೆ ಮಾಡಿದೆವು. ನಾನು ಹಾಲ್‌ನಲ್ಲಿ, ಅಕ್ಕ ಫೋನ್ ಹಿಡಿದು ಒಂದೊಂದೇ ಕೋಣೆಗೆ. ವಿಡಿಯೊದಲ್ಲಿ ಅವಳು ನನಗೆ ಒಂದು ಕತೆ ಹೇಳಬೇಕು: ಸಣ್ಣವಳಿದ್ದಾಗ ನಾನು ಅಣ್ಣನ ಹೊಸ ಚಪ್ಪಲಿಯನ್ನು ಬಾವಿಗೆ ಒಗೆದದ್ದು. (ಒಗೆದವಳು ಅವಳು. ಈ ಬಗ್ಗೆ ನಮ್ಮಲ್ಲಿ ಈಗಲೂ ಜಗಳವಿದೆ.) ಪಡಸಾಲೆಯಲ್ಲಿ ಚಪ್ಪಲಿ ಅರ್ಧ ದಾರಿಗೆ ನಿಂತಿತು. ಹೊಲಿಗೆ ಕೋಣೆಯಲ್ಲಿ ಅಕ್ಕನ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ ಹೋಗಿ, ಆಮೇಲೆ ಏನೂ ಇಲ್ಲ. ಅಕ್ಕ ಹೊರಗೆ ಬಂದು ನನ್ನ ಎದುರು ನಿಂತಳು. ತಿರುಗಿ ಹೋಗಿ ಮಷೀನಿನ ಮುಂದೆ ಕೂತು ಪೆಡಲ್ ತುಳಿಯತೊಡಗಿದಳು, ಬಟ್ಟೆ ಇಲ್ಲದೆ.

ಶುಕ್ರವಾರ ಮತ್ತೆ ಅಂಗಡಿ. ಅಂಗಡಿಯವರು, ಐವತ್ತರ ಸಾಹೇಬರು, ಡಬ್ಬಿ ನೋಡಿಯೇ ನಕ್ಕರು.

"ಬಾಯಿ, ನಿನ್ನೆನೇ ಕೇಳಿದ್ದೆ, ಮನಿ ಗೋಡಿ ಯಾತರವು ಅಂತ. ನೀವು ದೊಡ್ಡದು, ದೊಡ್ಡದು ಅಂದ್ರಿ."

ಕೇಳಿರಲಿಲ್ಲ ಎಂದು ನನ್ನ ನೆನಪು. ಇಬ್ಬರಲ್ಲಿ ಒಬ್ಬರದು ಸುಳ್ಳು.

"ಕಲ್ಲಿನವು" ಎಂದೆ.

"ಎಷ್ಟು ದಪ್ಪ?"

ಕೈ ಚಾಚಿ ತೋರಿಸಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. "ಅರೆ ಬಾಪ್ ರೇ. ಅದು ಮನಿನೋ ಕಿಲ್ಲಾನೋ?"

ಆಮೇಲೆ ರಟ್ಟಿನ ತುಂಡಿನ ಹಿಂದೆ ಮನೆಯ ನಕ್ಷೆ ಬರೆಸಿಕೊಂಡರು. ಇದರಲ್ಲಿ ಎರಡು ನಮೂನೆ ಅಲೆ ಇರುತ್ತವಂತೆ: ಐದು ಗಿಗಾಹರ್ಟ್ಸ್‌ನದ್ದು ಜೋರಾಗಿ ಓಡುತ್ತದೆ, ಗೋಡೆ ಕಂಡರೆ ಕೂತುಬಿಡುತ್ತದೆ, ಎರಡೂವರೆಯ ಹತ್ತಿರದ್ದು ಮೆಲ್ಲಗೆ ನಡೆಯುತ್ತದೆ, ಆದರೆ ಗೋಡೆ ದಾಟುತ್ತದೆ. ನಮ್ಮ ಗೋಡೆಗೆ ಬಂದರೆ ಅದಕ್ಕೂ ಸುಸ್ತಂತೆ. "ಒಂದೇ ದೊಡ್ಡ ದೀಪ ಹಾಲ್‌ನಾಗ ಹಚ್ಚಿ, ಹಿಂದಿನ ಕೋಣ್ಯಾಗ ಬೆಳಕು ಬೀಳ್ಲಿ ಅಂದ್ರ ಬೀಳ್ತದೇನ್ರೀ? ಎರಡು ಸಣ್ಣವು ತಗೋರಿ. ಒಂದು ಹಾಲ್‌ನಾಗ, ಒಂದು ಆ ಕೋಣಿ ಬಾಗಲ ಎದುರಿಗೆ. ಎರಡರ ನಡುವ ವೈರ್ ಎಳೀರಿ, ಗಾಳಿ ಮ್ಯಾಲ ಭರೋಸಾ ಇಡಬ್ಯಾಡ್ರಿ. ಏನು ನೋಡ್ಲಾಕ ಬೇಕು? ಸಿನಿಮಾನಾ?"

"ವಿಡಿಯೊ ಕಾಲ್. ನಮ್ಮ ಅಕ್ಕಗ ಕಿವಿ ಕೇಳಂಗಿಲ್ಲ. ಕೈಲೇ ಮಾತಾಡ್ತಾಳ."

ಅವರು ನಕ್ಷೆಯ ಮೇಲೆ ಬರುವುದೊಂದು, ಹೋಗುವುದೊಂದು ಗೆರೆ ಎಳೆದರು. "ಹಂಗಾದ್ರ ಬರೋ ಸ್ಪೀಡ್ ಒಂದೇ ನೋಡಬ್ಯಾಡ್ರಿ. ಹೋಗೋ ಸ್ಪೀಡೂ ನೋಡ್ರಿ. ಸಿನಿಮಾ ನಮ್ಮ ಮಾತು ಕೇಳಂಗಿಲ್ಲ, ಎದುರಿನ ಮನುಷ್ಯ ಕೇಳ್ಬೇಕಲ್ಲ." ಎಂಟು ಕೊಂಬಿನದನ್ನು ವಾಪಸ್ ತೆಗೆದುಕೊಂಡು, ಸಕ್ಕರೆ ಡಬ್ಬಿಯಂಥ ಎರಡು ಉರುಟು ರೌಟರ್ ಕೊಟ್ಟರು. ಕೊಂಬೇ ಇರಲಿಲ್ಲ.

ಶನಿವಾರ ಅಣ್ಣ ನಿಚ್ಚಣಿಕೆ ಹತ್ತಿ ಬಾಗಿಲ ಮೇಲಿನಿಂದ ವೈರ್ ಎಳೆದ. ಪ್ರತಿ ಮೊಳೆಗೂ ವೈನಿ "ಸುಣ್ಣ ಉದುರ್ತದ, ಸುಣ್ಣ ಉದುರ್ತದ" ಎನ್ನುತ್ತಿದ್ದಳು. ಪಡಸಾಲೆಯ ಗೂಡಿನಲ್ಲಿ, ಅಕ್ಕನ ಬಾಗಿಲಿಗೆ ನೇರ ಎದುರಾಗಿ, ಎರಡನೆಯ ಡಬ್ಬಿ ಕೂತಿತು. ಕತೆ ಮತ್ತೆ ಹೊರಟಿತು. ಬಾಗಿಲು ಮುಚ್ಚಿಸಿ ನೋಡಿದೆವು. ಕಟ್ಟಿಗೆಯ ಬಾಗಿಲು, ತೊಂದರೆ ಕೊಡಲಿಲ್ಲ. ಚಪ್ಪಲಿ ಅಂಗಳ ದಾಟಿತು, ಬಾವಿಯ ಕಟ್ಟೆ ಏರಿತು, ನೀರಿಗೆ ಬಿತ್ತು, ನೀರು ಸಿಡಿಯಿತು. ಒಂದು ಹನಿಯೂ ತಪ್ಪಲಿಲ್ಲ. ಕೊನೆಗೆ ಅಣ್ಣ ಅಳುವುದನ್ನು ಅವಳು ಎಷ್ಟು ಚೆನ್ನಾಗಿ ಮಾಡಿ ತೋರಿಸಿದಳೆಂದರೆ, ನನ್ನ ಹೆಗಲ ಮೇಲಿಂದ ನೋಡುತ್ತಿದ್ದ ಅಣ್ಣ "ಇಷ್ಟೇನು ಅತ್ತಿರಲಿಲ್ಲ ನಾ" ಅಂದ.

ರವಿವಾರ ಮೂರು ಗಂಟೆಗೆ ಕಾಲ್. ಎರಡೂವರೆಗೆ ಅಕ್ಕ ಇಳಕಲ್ ಸೀರೆ ಉಟ್ಟು, ಗೋಡೆಗೆ ಹಸಿರು ಬಟ್ಟೆ ಕಟ್ಟಿ, ಕೈ ಚೆನ್ನಾಗಿ ಕಾಣುವಂತೆ ಬಳೆ ತೆಗೆದಿಟ್ಟು ಕೂತಳು. ಒಮ್ಮೆ ನೋಡಿಬಿಡೋಣವೆಂದು ನಾನು ಹಾಲ್‌ನಿಂದ ವಿಡಿಯೊ ಹಚ್ಚಿದೆ. ಅಕ್ಕನ ಮುಖ ಬಂತು, ಚೌಕ ಚೌಕವಾಯಿತು, ಹೋಯಿತು.

ವೈರ್ ಅಲುಗಾಡಿಸಿದೆವು. ಆರಿಸಿ ಹಚ್ಚಿದೆವು. ಅಣ್ಣ ಕೇಬಲ್‌ನವನಿಗೆ ಫೋನ್ ಮಾಡಿ ಬೈದ. ಹಾಲ್‌ನಲ್ಲಿ ನೆಟ್ ಚಿನ್ನದಂತಿತ್ತು. ಇನ್ನು ಹತ್ತು ನಿಮಿಷ ಎನ್ನುವಾಗ ಪಡಸಾಲೆಗೆ ಓಡಿ ಹೋಗಿ ನೋಡಿದರೆ ಗೂಡಿನಿಂದ ಬಾಗಿಲೇ ಕಾಣುತ್ತಿರಲಿಲ್ಲ. ಅಕ್ಕನ ಬಾಗಿಲಿಗೆ ಒತ್ತಿ, ಎದೆಯೆತ್ತರದ ತಗಡಿನ ಕೂಲರ್ ನಿಂತಿತ್ತು. ಕಂಠಮಟ್ಟ ನೀರು. ಅಲೆ ಕುಡಿಯಲು ನೀರು, ತಡೆಯಲು ತಗಡು. ಅದಕ್ಕಿಂತ ಒಳ್ಳೆಯ ಗೋಡೆಯನ್ನು ಗೌಂಡಿ ಕೂಡ ಕಟ್ಟುತ್ತಿರಲಿಲ್ಲ.

"ಯಾರು ಇಟ್ಟಾರ ಇದನ್ನ?"

"ನಾ ಇಟ್ಟೀನಿ" ಎಂದಳು ವೈನಿ. "ಇಂಥಾ ಬಿಸಿಲಾಗ ಹುಡುಗಿ ಬೆವತು ಕುಂತಿದ್ದು ಅಂವಗ ಕಾಣಬಾರದಂತ ಇಟ್ಟೀನಿ. ಅದೂ ತಪ್ಪಾ?"

"ಹುಡುಗಿ" ಎಂದ ಅಣ್ಣ.

"ಹೂಂ, ಹುಡುಗೀನೇ. ಲಗ್ನಾಗೋ ತನಕ ಹುಡುಗಿ. ನೀವು ಆ ಕಡಿ ಹಿಡೀರಿ."

ಕೂಲರ್ ಇದ್ದರೆ ಬಾಗಿಲು ಮುಚ್ಚಲೂ ಬರುತ್ತಿರಲಿಲ್ಲ. ವೈನಿ ಅದನ್ನು ತಂಪಿಗೇ ಇಟ್ಟಳೋ, ಬಾಗಿಲು ತೆರೆದಿರಲಿ ಎಂದು ಇಟ್ಟಳೋ, ನಾನು ಕೇಳಿಲ್ಲ. ಮೂವರೂ ಸೇರಿ ನೀರು ಚೆಲ್ಲಾಡಿಸುತ್ತ ಅದನ್ನು ಹಾಲ್‌ಗೆ ದೂಡಿದೆವು. ಫರಶಿ ನೆಲದ ಮೇಲೆ ಅಣ್ಣ ಜಾರಿ ಕೂತ. ಅಕ್ಕ ಹೊಸ್ತಿಲಲ್ಲಿ ನಿಂತು ನೋಡಿ, ನಕ್ಕು, ಬಾಗಿಲು ಹಾಕಿಕೊಂಡಳು. ಒಳಗಿನ ಚಿಲಕದ ಸದ್ದು ನಮಗೆ ಮೂವರಿಗೂ ಕೇಳಿಸಿತು.

ನಾವು ಹಾಲ್‌ನಲ್ಲಿ ಕೂತು, ಬೆವರುತ್ತ, ಕೆಂಪು ಬಾಳೆಹಣ್ಣು ತಿಂದೆವು. ಆಗಲೇ ನನಗೆ ಹೊಸ ರೌಟರಿನ ಆ್ಯಪ್ ನೆನಪಾದದ್ದು. ಅದರಲ್ಲಿ ಅಕ್ಕನ ಫೋನಿನ ಮುಂದೆ ಎರಡು ಬಾಣ, ಹೋಗುವುದಕ್ಕೆ ಒಂದು ಮೇಲಕ್ಕೆ, ಬರುವುದಕ್ಕೆ ಒಂದು ಕೆಳಕ್ಕೆ. ಪಕ್ಕದಲ್ಲಿ ಕುಣಿಯುವ ಅಂಕಿಗಳು. ಕೈ ಜೋರಾಗಿ ಆಡಿದರೆ ಚಿತ್ರ ಹೆಚ್ಚು ಬದಲಾಗುತ್ತದೆ, ಅಂಕಿ ಏರುತ್ತದೆ ಎಂದು ನಾನು ಹೇಳಬಾರದಿತ್ತು. ಹೇಳಿದೆ. ಮೂರು ತಲೆ ಒಂದೇ ಫೋನಿನ ಮೇಲೆ ಬಂದವು.

"ಈಗ ಅಂವ ಮಾತಾಡ್ಲಾಕತ್ತಾನ" ಎಂದ ಅಣ್ಣ. "ಕೆಳಗಿನ ಬಾಣ ನೋಡು."

"ಈಗ ನಮ್ಮಾಕಿ. ಯವ್ವಾ, ನಿಂದ್ರಲೇ ಒಲ್ಲದಲ್ಲ ಬಾಣ! ಅಂವಗ ಉಸುರು ಬಿಡ್ಲಾಕರ ಕೊಡು ತಾಯಿ" ಎಂದಳು ವೈನಿ.

"ಸುಮ್ನ ಕೂಡ್ರಿ, ಅಕ್ಕಗ ಕೇಳ್ತದ" ಎಂದು ನಾನೇ ಅಂದೆನಂತೆ. ವೈನಿ ಇದನ್ನು ಈಗಲೂ ಎಲ್ಲರಿಗೂ ಹೇಳಿ ನಗುತ್ತಾಳೆ. ನಾನು ಹಾಗೆ ಅಂದಿರಲಿಕ್ಕಿಲ್ಲ.

ಒಮ್ಮೆ ಒಳಗಿನಿಂದ ಅಕ್ಕನ ನಗೆ ಕೇಳಿತು. ಅವಳ ನಗೆಗೆ ದನಿ ಇದೆ, ದೊಡ್ಡ ದನಿ. ತಡೆದುಕೊಳ್ಳಬೇಕೆಂದು ಅವಳಿಗೆ ಯಾರೂ ಕಲಿಸಿಲ್ಲ. ಆಮೇಲೆ, ಎಷ್ಟು ಹೊತ್ತಿಗೆಂದು ಸರಿಯಾಗಿ ನೆನಪಿಲ್ಲ, ಎರಡೂ ಬಾಣಗಳ ಅಂಕಿ ಒಟ್ಟಿಗೆ ಕೆಳಗಿಳಿದವು. ಕಾಲ್ ಕಡಿದಿರಲಿಲ್ಲ, ನೆಟ್ ಸರಿಯಾಗಿತ್ತು. ಇಬ್ಬರ ಕೈಯೂ ನಿಂತಿತ್ತು, ಅಷ್ಟೇ. ಅಣ್ಣ ಹಣ್ಣಿನ ಸಿಪ್ಪೆ ಹಿಡಿದುಕೊಂಡೇ ಕೂತ. ವೈನಿ "ಏನಾಯ್ತು, ಏನಾಯ್ತು" ಎಂದು ನನ್ನ ತೋಳು ಹಿಂಡಿದಳು. ಒಂದು ನಿಮಿಷವೋ, ನಾಲ್ಕೋ. ಆಮೇಲೆ ಎರಡೂ ಬಾಣ ಒಟ್ಟಿಗೇ ಜಿಗಿದವು.

ಅಕ್ಕ ಹೊರಗೆ ಬಂದಾಗ ಕುಂಕುಮ ಬೆವರಿಗೆ ಇಳಿದಿತ್ತು. ಅಣ್ಣನನ್ನು ನೋಡಿ ಅಂಗೈಯನ್ನು ತನ್ನ ಕಡೆಗೆ ಎಳೆದುಕೊಂಡಳು: ಬರಲಿ. ಇನ್ನೊಮ್ಮೆ, ಇನ್ನೂ ಜೋರಾಗಿ: ಬರಲಿ, ಬುಧವಾರ ಬರಲಿ. ಅಣ್ಣ ಅವಳಿಗೊಂದು ಬಾಳೆಹಣ್ಣು ಸುಲಿದು ಕೊಟ್ಟ. ವೈನಿ ಅಳುತ್ತ, ಕೂಲರಿನ ಮುಂದೆ ಅವಳನ್ನು ಕೂರಿಸಿ ಸ್ವಿಚ್ ಹಾಕಿದಳು.

ಈಗ ಅಕ್ಕ ನಂದೂರಿನಲ್ಲಿದ್ದಾಳೆ. ಪ್ರೀತಿಗೂ ಜಗಳಕ್ಕೂ ಕೈಗೆ ಬಿಡುವಿಲ್ಲದ ಸಂಸಾರ. ಅವರ ಎರಡು ಕೋಣೆಯ ಮನೆಗೆ ಯಾವ ರೌಟರಾದರೂ ನಡೆಯುತ್ತದೆ. ರೌಟರ್ ಅಂಗಡಿಯ ಸಾಹೇಬರಿಗೆ ಬಾಣದ ವಿಷಯ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು: "ಬಾಣ ನೋಡಿ ಮಾತು ಹೇಳ್ಲಾಕ ಬರಂಗಿಲ್ಲ ಬಾಯಿ. ಹಿಂದಿನ ಪರದೆ ಗಾಳಿಗೆ ಹಾರಾಡಿದ್ರೂ ಏರ್ತದ." ಹಾಗಾದರೆ ನಾವು ಓದಿದ್ದೆಲ್ಲ ಹಸಿರು ಬಟ್ಟೆಯ ಹಾರಾಟವೂ ಇರಬಹುದು. ನಡುವೆ ಕೈ ಯಾಕೆ ನಿಂತಿತ್ತೆಂದು ಅಕ್ಕನನ್ನು ಎರಡು ಸಲ ಕೇಳಿದ್ದೇನೆ. ಮೊದಲ ಸಲ ನಕ್ಕಳು, ಎರಡನೆಯ ಸಲ ಮರೆತೆ ಅಂದಳು. ನಿಜವಾಗಿ ಮರೆತಿದ್ದಾಳೋ ತಿಳಿಯದು. ಎರಡೂ ಅಂಕಿ ಇಳಿದಿದ್ದ ಆ ಹೊತ್ತಿನಲ್ಲಿ ಅವನು ಏನು ಕೇಳಿದ್ದನೋ, ಅಥವಾ ಕೇಳಿದವಳು ಅವಳೋ, ನನಗೆ ಗೊತ್ತಿಲ್ಲ.