ನಮ್ಮ ನಾಯಿ ಸತ್ತಾಗ ಮಾತಾಡಿಸಲು ಬಂದವರು

ಆ ಮಂಗಳವಾರ ನಾನು ಹೆಡ್‌ಮಾಸ್ಟರರಿಗೆ ಕಳಿಸಿದ ಮೆಸೇಜಿನಲ್ಲಿ ಸುಳ್ಳೇನೂ ಇರಲಿಲ್ಲ. ‘ಸರ್, ಬೆಳಿಗ್ಗೆ ನಮ್ಮ ಮನೆಯಲ್ಲಿ ಸಾವಾಗಿದೆ. ಇವತ್ತು, ನಾಳೆ ಎರಡು ದಿನ ರಜೆ ಬೇಕು’ ಎಂದು ಬರೆದಿದ್ದೆ. ಸತ್ತದ್ದು ಯಾರು ಎಂದು ಬರೆಯಲಿಲ್ಲ, ಅಷ್ಟೆ. ಬರೆಯಲು ಹೊರಟಿದ್ದೆ. ‘ನಮ್ಮ ನಾಯಿ’ ಎಂದು ಟೈಪ್ ಮಾಡಿದೆ, ನೋಡಿದೆ, ಅಳಿಸಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ನಾಯಿ ಸತ್ತಿದ್ದಕ್ಕೆ ಗಣಿತದ ಟೀಚರು ಎರಡು ದಿನ ರಜೆ ಹಾಕಿದ್ದಾಳೆ ಎಂದು ಸ್ಟಾಫ್ ರೂಮಿನಲ್ಲಿ ನಗುವುದು ನನಗೆ ಕೂತಲ್ಲೇ ಕೇಳಿಸಿಬಿಟ್ಟಿತು.

ಆ ನಾಯಿ ಹರಪನಹಳ್ಳಿಯ ನಮ್ಮ ಮನೆಗೆ ಬಂದದ್ದು ಅಪ್ಪ ರಿಟೈರ್ ಆದ ದಿನ. ಅಪ್ಪ ಬಸ್ ಡ್ರೈವರ್ ಆಗಿದ್ದ. ಕೊನೆಯ ಕೆಲವು ವರ್ಷ ಕೊಟ್ಟೂರಿನ ಮೇಲೆ ಕೂಡ್ಲಿಗಿಗೆ ಹೋಗುವ ಗಾಡಿ ಓಡಿಸುತ್ತಿದ್ದ. ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಹತ್ತು ನಿಮಿಷ ನಿಲ್ಲುತ್ತಿತ್ತು. ಅಲ್ಲಿ ಚಹಾ ಕುಡಿಯುವಾಗ ಒಂದು ಕಂದು ನಾಯಿ ಬಂದು ಕಾಲ ಹತ್ತಿರ ಕೂರುತ್ತಿತ್ತಂತೆ. ಅದರ ಎಡಗಿವಿಯ ತುದಿ ಹರಿದಿತ್ತು. ಅಪ್ಪ ಬನ್ನು ಮುರಿದು ಅರ್ಧ ತಾನು ತಿಂದು ಅರ್ಧ ಅದಕ್ಕೆ ಹಾಕುತ್ತಿದ್ದ. ಕೊನೆಯ ದಿನ ಬನ್ನು ತಿಂದ ಮೇಲೂ ಅದು ಹೋಗಲಿಲ್ಲ. ಅಪ್ಪ ಸೀಟಿಗೆ ಹತ್ತಿದರೆ ಡ್ರೈವರ್ ಬಾಗಿಲ ಕೆಳಗೆ ಬಂದು ನಿಂತು ಮೇಲೆ ನೋಡಿತು. ಅಪ್ಪ ಇಳಿದು ಅದನ್ನು ಎತ್ತಿ ಎಂಜಿನ್ ಪಕ್ಕ ಕೂರಿಸಿದ. ಕಂಡಕ್ಟರು, “ಡ್ರೈವರ್ ಸಾಹೇಬ್ರ, ಇದಕ್ಕ ಫುಲ್ ಟಿಕೆಟ್ ಹರೀಲೋ, ಹಾಫೋ?” ಎಂದನಂತೆ. ಸನ್ಮಾನದ ಶಾಲು, ಹಾರ, ಒಂದು ಗೋಡೆ ಗಡಿಯಾರ, ಒಂದು ನಾಯಿ – ಇಷ್ಟನ್ನು ತೆಗೆದುಕೊಂಡು ಅಪ್ಪ ಮನೆಗೆ ಬಂದ.

ಅವ್ವ ಮೊದಲ ದಿನವೇ ಗೆರೆ ಎಳೆದಳು. “ಅಡಗಿ ಮನಿ, ದೇವರ ಮನಿ ಎರಡರಾಗ ಕಾಲಿಟ್ರ ನೋಡು. ನಿನ್ನನ್ನೂ ಹೊರಗ ಹಾಕ್ತೀನಿ, ಅದನ್ನೂ ಹೊರಗ ಹಾಕ್ತೀನಿ” ಎಂದು ಅಪ್ಪನಿಗೆ ಹೇಳಿದಳು. ನಾಯಿಗೆ ಅದು ಹೇಗೆ ತಿಳಿಯಿತೋ ಗೊತ್ತಿಲ್ಲ, ಒಂಬತ್ತು ವರ್ಷ ಅಡುಗೆ ಮನೆಯ ಹೊಸ್ತಿಲ ಆಚೆಯೇ ಮಲಗಿ ಅವಳು ರೊಟ್ಟಿ ಬಡಿಯುವುದನ್ನು ನೋಡಿತು. ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಅಪ್ಪ ‘ಬಾರಲೇ ಮಗನ’ ಎನ್ನುತ್ತಿದ್ದ, ಅದು ಬರುತ್ತಿತ್ತು. ಮೊದಲ ರೊಟ್ಟಿ ತನಗೇ ಎಂಬುದೂ ಅದಕ್ಕೆ ಗೊತ್ತಿತ್ತು. ಗೆರೆ ಎಳೆದವಳೇ ಅದನ್ನು ರೂಢಿ ಮಾಡಿದ್ದಳು.

ಅದು ಬಂದ ಎರಡನೇ ವರ್ಷ ನಾನು ದಾವಣಗೆರೆಯ ಗಂಡನ ಮನೆ ಬಿಟ್ಟು ವಾಪಸ್ ಬಂದೆ. ಆ ಕಥೆ ಇಲ್ಲಿ ಬೇಡ. ಆ ದಿನಗಳಲ್ಲಿ ಶಾಲೆಯಿಂದ ಬಂದವಳೇ ನಾನು ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಹಿಂದೆ ಕೂತುಬಿಡುತ್ತಿದ್ದೆ. ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. ನಾಯಿ ಹುಡುಕಿಕೊಂಡು ಮೇಲೆ ಬರುತ್ತಿತ್ತು. ಅದಕ್ಕೆ ಮೆಟ್ಟಿಲು ಹತ್ತಲು ಬರುತ್ತಿತ್ತು, ಇಳಿಯಲು ಬರುತ್ತಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿ ಕುಂಯ್‌ಗುಡುತ್ತಿತ್ತು. ಇನ್ನೇನು ಮಾಡುವುದು, ಅದನ್ನು ಎತ್ತಿಕೊಂಡು ನಾನೇ ಇಳಿಯಬೇಕಾಗುತ್ತಿತ್ತು. ಇಳಿದ ಮೇಲೆ ಊಟಕ್ಕೂ ಕೂರುತ್ತಿದ್ದೆ. ಹೀಗೆ ಎಷ್ಟೋ ತಿಂಗಳು ನಡೆಯಿತು. ಇಳಿಯಲು ಬರುವುದಿಲ್ಲ ಎಂದು ಗೊತ್ತಿದ್ದೂ ಅದು ದಿನಾ ಹತ್ತಿ ಬರುತ್ತಿತ್ತು.

ಈ ಸಲ ಶಿವರಾತ್ರಿ ಕಳೆದ ಮೇಲೆ ಅದು ಊಟ ಬಿಟ್ಟಿತು. ದನದ ದವಾಖಾನೆಯ ಡಾಕ್ಟರಮ್ಮ ಮನೆಗೇ ಬಂದು ನೋಡಿ, “ಕಿಡ್ನಿ ಹೋಗ್ಯಾವ ರೀ. ವಯಸ್ಸೂ ಆಗೈತಿ. ಸಲೈನ್ ಹಚ್ಚಿ ನೋಡೋಣು” ಎಂದರು. ವರಾಂಡದ ಕಿಟಕಿ ಸರಳಿಗೆ ಬಾಟಲಿ ಕಟ್ಟಿದೆವು. ಹನಿ ಮುಗಿಯುವ ತನಕ ಅಪ್ಪ ಅದರ ಮುಂಗಾಲು ಹಿಡಿದು ಅಲುಗದೆ ಕೂರುತ್ತಿದ್ದ. ಐದು ದಿನ ಹೀಗಾಯಿತು. ಸೋಮವಾರ ಡಾಕ್ಟರಮ್ಮ ನನ್ನನ್ನು ಗೇಟಿನ ಹತ್ತಿರ ಕರೆದು, “ಒಂದು ಇಂಜೆಕ್ಷನ್ ಐತಿ ರೀ. ಮಲಗಿದಂಗ ಹೋಗಿಬಿಡ್ತೈತಿ. ನಿಮ್ಮಪ್ಪಾರ ಮುಂದ ನೀವಾ ಹೇಳ್ಬೇಕು” ಎಂದರು. ನಾನು ಅಪ್ಪನಿಗೆ ಹೇಳಲಿಲ್ಲ. “ನಾಳಿ ತನಕ ನೋಡೋಣ್ರಿ” ಎಂದು ಅವರನ್ನು ಕಳಿಸಿದೆ. ಆ ಒಂದು ದಿನ ಅದು ಎಷ್ಟು ನರಳಿತು ಎಂಬುದು ನನಗೆ ಗೊತ್ತು. ಬೇಡ ಎಂದವಳು ನಾನು. ಇದನ್ನು ಇವತ್ತಿಗೂ ನಾನು ಸರಿ ಎಂದುಕೊಳ್ಳಲಾರೆ, ತಪ್ಪು ಎಂದೂ ಹೇಳಲಾರೆ.

ಬೆಳಿಗ್ಗೆ ಅವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಅಪ್ಪ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾಯಿ ತನ್ನ ಗದ್ದ ಎತ್ತಿ ಅಪ್ಪನ ಪಾದದ ಮೇಲೆ ಇಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕಾಲು ಅಲುಗಿಸದೆ ನನ್ನನ್ನು ಕರೆದು, “ಹೋದ ನೋಡವ್ವ” ಎಂದ.

ಸೋದರಮಾವನ ಹೊಲ ಊರ ಹೊರಗೆ ಅರಸೀಕೆರೆ ರಸ್ತೆಯಲ್ಲಿದೆ. ಗೂಡ್ಸ್ ಆಟೋದಲ್ಲಿ ಅಲ್ಲಿಗೆ ಒಯ್ದೆವು. ಮೆಕ್ಕೆಜೋಳ ಕಿತ್ತ ಹೊಲ, ನೆಲ ಕಲ್ಲಾಗಿತ್ತು. ಮಾವ ಗುದ್ದಲಿ ಹಾಕಿದ, ಅಪ್ಪ ಸಲಿಕೆಯಿಂದ ಮಣ್ಣು ಎತ್ತಿದ. ಅವ್ವ ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಅದನ್ನು ಸುತ್ತಿದ್ದಳು. ಒಳಗೆ ಇಳಿಸುವ ಮೊದಲು ಸೆರಗಿನ ಗಂಟು ಬಿಚ್ಚಿ, ದೇವರ ಮನೆಯಿಂದ ತಂದಿದ್ದ ವಿಭೂತಿಯನ್ನು ಅದರ ಹಣೆಗೆ ಹಚ್ಚಿದಳು. ಮಣ್ಣು ಮುಚ್ಚುವಾಗ ಅಪ್ಪ ಸಲಿಕೆ ಬಿಟ್ಟು ಕೈಯಿಂದಲೇ ಎಳೆದ.

ಮನೆಗೆ ಬಂದು ಸ್ನಾನ ಮಾಡಿದ ಅಪ್ಪ ವರಾಂಡದ ಕುರ್ಚಿಯಲ್ಲಿ ಕೂತವನು ಎರಡು ದಿನ ಒಂದೂ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಅನ್ನ ಕಲಸಿ ಹಾಗೇ ಬಿಡುತ್ತಿದ್ದ. ತನ್ನ ತಾಯಿ ಸತ್ತಾಗಲೂ ಅಪ್ಪ ಹೀಗಿರಲಿಲ್ಲ. ಆಗ ಓಡಾಡಿ ಎಲ್ಲ ಕೆಲಸ ಮಾಡಿದ್ದ, ಬಂದವರ ಜೊತೆ ಮಾತಾಡಿದ್ದ. ಈಗ ಬರುವವರು ಯಾರೂ ಇರಲಿಲ್ಲ. ನಾಯಿ ಸತ್ತರೆ ಯಾರು ಬರುತ್ತಾರೆ? ಓಣಿಯವರು ಗೇಟಿನಿಂದಲೇ, “ಹೋತಾ? ಪಾಪ. ಇನ್ನೊಂದು ಮರಿ ತಂದ್ರಾತು ಬಿಡ್ರಿ” ಎಂದು ಹೋದರು. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬುಧವಾರ ಸಂಜೆ ಐದರ ಹೊತ್ತಿಗೆ ಗೇಟಿನ ಮುಂದೆ ಒಂದು ಆಟೋ ನಿಂತಿತು. ಅದರಿಂದ ನಮ್ಮ ಹೆಡ್‌ಮಾಸ್ಟರರು, ಕನ್ನಡ ಮೇಷ್ಟ್ರು, ಹಿಂದಿ ಮೇಡಂ ಮೂವರೂ ಇಳಿದರು. ಸಾವಾದ ಮನೆಗೆ ಮಾತಾಡಿಸಲು ಬಂದಿದ್ದರು. ಇದು ನನಗೆ ಹೊಳೆದೇ ಇರಲಿಲ್ಲ.

ಒಳಗೆ ಬಂದು, ಚಪ್ಪಲಿ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು ಚಾಪೆಯ ಮೇಲೆ ಕೂತರು. ಹೆಡ್‌ಮಾಸ್ಟರರು ಅಪ್ಪನ ಕಡೆ ತಿರುಗಿ, “ಮೇಡಂ ಮೆಸೇಜ್ ಹಾಕಿದ್ರು. ಯಾರು ತೀರ್ಕಂಡಿದ್ದು ಅಂತ ನಮಗೆ ಗೊತ್ತಾಗ್ಲಿಲ್ಲ ರೀ. ನಿಮ್ಮ ಮನೆಯವರಾ…” ಎನ್ನುವಷ್ಟರಲ್ಲಿ ಅವ್ವ ನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದಳು. ಅವರು ಅವ್ವನನ್ನು ನೋಡಿದರು, ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ನಮ್ಮ ಮನೆಯಲ್ಲಿರುವುದು ಮೂರೇ ಜನ ಎಂದು ಅವರಿಗೆ ಗೊತ್ತಿತ್ತು.

ಅಪ್ಪನೇ ಹೇಳಿದ. “ನಮ್ಮ ನಾಯಿ ಹೋತ್ರಿ.”

ಕನ್ನಡ ಮೇಷ್ಟ್ರು ತಲೆ ತಗ್ಗಿಸಿ ಚಾಪೆಯ ಅಂಚು ನೋಡತೊಡಗಿದರು. ನಗು ತಡೆದುಕೊಳ್ಳುತ್ತಿದ್ದರೆಂದು ನನಗೆ ಅನಿಸಿತು. ಹೆಡ್‌ಮಾಸ್ಟರರು “ನಾಯಿನಾ…” ಎಂದು ಅಲ್ಲಿಗೇ ನಿಂತರು. ಭೂಮಿ ಬಿರಿಯಬಾರದೇ ಎನಿಸಿತು ನನಗೆ.

ಆಗ ಹಿಂದಿ ಮೇಡಂ ಚಾಪೆಯ ಮೇಲೆ ಸ್ವಲ್ಪ ಮುಂದೆ ಸರಿದು ಅಪ್ಪನ ಹತ್ತಿರ ಕೂತರು. ಅವರು ಹಡಗಲಿ ಕಡೆಯವರು, ಬರುವ ವರ್ಷ ರಿಟೈರ್ ಆಗುವವರು. ಸ್ಟಾಫ್ ರೂಮಿನಲ್ಲಿ ಮಾತು ಕಡಿಮೆ.

“ಎಷ್ಟು ವಯಸ್ಸಾಗಿತ್ರಿ?” ಎಂದು ಕೇಳಿದರು.

“ಬರೋವಾಗಲೇ ಎರಡು ವರ್ಷದವ ಇದ್ದ. ಹನ್ನೊಂದು ಅನ್ನಿ,” ಅಪ್ಪ ಹೇಳಿದ.

“ಏನಾಗಿತ್ತು?”

“ಕಿಡ್ನಿ ರೀ.”

“ಭಾಳ ನರಳಿದ್ನಾ?”

ಅಪ್ಪ, “ಕಡೀಗೆ ನನ್ನ ಕಾಲ್ಮ್ಯಾಲೆ ಗದ್ದ ಇಟ್ಟು ಹೋದ ರೀ. ಅಷ್ಟು ಸಮಾಧಾನ” ಎಂದ.

ಸತ್ತ ಮನುಷ್ಯರ ಬಗ್ಗೆ ಕೇಳುವ ಪ್ರಶ್ನೆಗಳು ಅವು. ಅವನ್ನು ಹಾಗೇ, ಅದೇ ದನಿಯಲ್ಲಿ ಅವರು ಕೇಳಿದ್ದರು. ಅಪ್ಪ ಎರಡು ದಿನದಲ್ಲಿ ಮೊದಲ ಸಲ ಯಾರ ಮುಖವನ್ನಾದರೂ ನೇರ ನೋಡಿ ಮಾತಾಡಿದ್ದ.

ಮೇಡಂ ತಮ್ಮ ಸೆರಗನ್ನು ಸರಿ ಮಾಡಿಕೊಂಡು, ಯಾರೂ ಕೇಳದೆಯೇ ಹೇಳತೊಡಗಿದರು. “ನಮ್ಮಪ್ಪ ಕುರಿ ಕಾಯ್ತಿದ್ದ ರೀ. ನಾನು ಐದನೇ ಕ್ಲಾಸಿದ್ದೆ. ಒಂದು ಮರಿದು ತಾಯಿ ಸತ್ತಿತ್ತು, ನಾನಾ ಬಾಟ್ಲಿ ಹಾಲು ಕುಡಿಸಿ ಬೆಳೆಸಿದ್ದೆ. ಸಾಲಿಗೆ ಹೋದ್ರ ಸಾಲಿ ಬಾಗ್ಲಿಗೆ ಬಂದು ನಿಲ್ತಿತ್ತು. ಮುಂದ ದೊಡ್ಡ ಟಗರಾತು. ಒಂದಿನ ನಾನು ಸಾಲಿಂದ ಬರೋದ್ರಾಗ ಅದನ್ನ ದೇವರಿಗೆ ಕೊಟ್ಟಿದ್ರು. ಹರಕಿ ಇತ್ತಂತ. ನಾನು ಅಳಾಕ ಹತ್ತಿದ್ರ ನಮ್ಮವ್ವ ಬಾಯಿ ಒತ್ತಿ ಹಿಡಿದ್ಲು. ದೇವರಿಗೆ ಕೊಟ್ಟದ್ದಕ್ಕ ಅಳಬಾರದು ಅಂದ್ಲು. ಆಮ್ಯಾಲೆ ಯಾರ ಮುಂದ ಅಂತ ಹೇಳ್ಲಿ ರೀ? ನಗ್ತಾರ.”

ಅಪ್ಪ ಕೇಳಿದ: “ಬಣ್ಣ ಯಾವ್ದಿತ್ರವ್ವ ಅದರದು?”

“ಕರೀದು ರೀ. ಹಣಿ ಮ್ಯಾಲೆ ಇಷ್ಟು ಬಿಳಿ” ಎಂದು ಹೆಬ್ಬೆರಳಿನಿಂದ ತಮ್ಮ ಹಣೆ ತೋರಿಸಿದರು. ತೋರಿಸುತ್ತಲೇ ಅವರ ಮುಖ ಒಡೆದುಹೋಯಿತು. ಅರವತ್ತರ ಹೊಸ್ತಿಲಲ್ಲಿದ್ದ ಆ ಹೆಂಗಸು ನಮ್ಮ ವರಾಂಡದಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಅವ್ವ ಚೊಂಬು ಕೆಳಗಿಟ್ಟು ಅವರ ಬೆನ್ನ ಮೇಲೆ ಕೈಯಿಟ್ಟಳು. ಕನ್ನಡ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ತಡೆದುಕೊಂಡದ್ದು ನಗುವಾಗಿರಲಿಕ್ಕಿಲ್ಲ ಎಂದು ಆಗ ನನಗೆ ಅನುಮಾನ ಬಂತು.

ಆಮೇಲೆ ಅಪ್ಪ ಮಾತಾಡಿದ. ಕೊಟ್ಟೂರು, ಬನ್ನು, ಎಂಜಿನ್ ಪಕ್ಕ ಕೂರಿಸಿದ್ದು – ನಾವು ಸಾವಿರ ಸಲ ಕೇಳಿದ್ದೇ. ಆದರೆ ಅದಕ್ಕೊಂದು ಹೊಸ ಮಾತು ಸೇರಿಸಿದ. “ಆವತ್ತು ಅದರ ಮ್ಯಾಲಿನ ಪ್ರೀತಿಗೆ ತಂದದ್ದಲ್ರಿ ನಾನು. ನಾಳೆ ಬೆಳಿಗ್ಗಿ ಎದ್ದು ಎಲ್ಲಿಗೆ ಹೋಗ್ಲಿ ಅಂತ ಅಂಜಿಕಿ ಬಂದಿತ್ತು. ಮೂವತ್ತು ವರ್ಷ ಐದಕ್ಕ ಎದ್ದು ಡಿಪೋಕ್ಕ ಹೋದವ ನಾನು. ಇದಿದ್ರ ಕೆರಿ ತನಕ ಕರ್ಕೊಂಡು ಹೋಗೋ ಕೆಲಸ ಇರ್ತೈತಿ ಅಂದ್ಕೊಂಡೆ. ಒಂಬತ್ತು ವರ್ಷ ಒಂದಿನ ತಪ್ಪಿಸಲಿಲ್ಲ ರೀ ಅವ. ನನಗ ಡ್ಯೂಟಿ ಕೊಟ್ಟಿದ್ದ.” ಅಷ್ಟು ಹೇಳಿ ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮುಚ್ಚಿಕೊಂಡ ಕೈಗಳ ಸಂದಿಯಿಂದ ಬಂದ ಸದ್ದು ಅಪ್ಪನದು ಎಂದು ನಂಬಲು ನನಗೆ ಒಂದು ಗಳಿಗೆ ಬೇಕಾಯಿತು. ನಾನೂ ಅಲ್ಲೇ, ಎಲ್ಲರ ಮುಂದೆ, ಕೂತು ಅತ್ತುಬಿಟ್ಟೆ.

ಅವರು ಏಳುವಾಗ ಕನ್ನಡ ಮೇಷ್ಟ್ರು ರೂಢಿಯಂತೆ ಕೈ ಮುಗಿದು “ಬರ್ತೀ…” ಎಂದು ಶುರು ಮಾಡಿದರು. ಹಿಂದಿ ಮೇಡಂ ಅವರ ಮೊಣಕೈ ಮುಟ್ಟಿ ತಡೆದರು. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ಬರ್ತೀವಿ ಎನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಮೂವರೂ ಸುಮ್ಮನೆ ಎದ್ದು, ಹಿಂದಿರುಗಿ ನೋಡದೆ ಆಟೋ ಹತ್ತಿದರು. ಸ್ವಲ್ಪ ಹೊತ್ತಿಗೆ ಅಪ್ಪ ಒಳಗೆ ಬಂದು ಅವ್ವನಿಗೆ, “ಹಸಿವಾಗೈತಿ” ಎಂದ.

ಗುರುವಾರ ಶಾಲೆಗೆ ಹೋದಾಗ ನಾನು ಹೆಡ್‌ಮಾಸ್ಟರರ ಮುಂದೆ ನಿಂತು, “ತಪ್ಪು ತಿಳೀಬ್ಯಾಡ್ರಿ ಸರ್, ನಾನು ಸರಿಯಾಗಿ ಬರೀಬೇಕಿತ್ತು” ಎಂದೆ. ಅವರು ರಜೆಯ ಅರ್ಜಿ ನನ್ನ ಕಡೆ ಸರಿಸಿ, “ಏನು ತಪ್ಪೈತಿ ಅದ್ರಾಗೆ? ಮೆಸೇಜಿನಾಗೆ ಇದ್ದಂಗೇ ಬರೀರಿ. ಮನೆಯಲ್ಲಿ ಸಾವು” ಎಂದರು.

ನಾವು ಇನ್ನೊಂದು ಮರಿ ತಂದಿಲ್ಲ. ತರುವುದಿಲ್ಲ ಎಂದೂ ಇಲ್ಲ. ಅಪ್ಪ ಕೆಲವು ದಿನ ಬಿಟ್ಟು ಮತ್ತೆ ಕೆರೆಯ ಕಡೆ ಹೋಗಲು ಶುರು ಮಾಡಿದ, ಒಬ್ಬನೇ. ಡಾಕ್ಟರಮ್ಮ ಹೇಳಿದ ಇಂಜೆಕ್ಷನ್ ವಿಷಯವನ್ನು ಒಂದು ಸಂಜೆ ನಾನು ಅವನಿಗೆ ಹೇಳಿದೆ. ಅಪ್ಪ, “ನನ್ನ ಕೇಳಿದ್ರ ನಾನೂ ನಾಳಿ ತನಕ ನೋಡೋಣ ಅಂತಿದ್ದೆ” ಎಂದ. ನನ್ನ ಭಾರ ಇಳಿಸಲು ಹೇಳಿದ್ದೋ, ನಿಜವೋ ನಾನು ಕೇಳಲಿಲ್ಲ.

ಮಳೆಗಾಲ ಹಿಡಿದ ಮೇಲೆ ನಮಗೆ ಹಾಲು ಹಾಕುವ ಅಜ್ಜಿಯ ಎಮ್ಮೆ ಸತ್ತಿತು. ಎರಡು ದಿನ ಹಾಲು ಬರಲಿಲ್ಲ, ಮೂರನೇ ದಿನ ಸುದ್ದಿ ಬಂತು. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. “ನಡಿಯವ್ವ, ಮಾತಾಡ್ಸಿ ಬರೋಣು” ಎಂದ.

ಅಜ್ಜಿ ಖಾಲಿ ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಗಾಬರಿಯಾದಳು. ಹಾಲು ಯಾಕೆ ಬಂದಿಲ್ಲ ಎಂದು ಕೇಳಲು ಬಂದಿದ್ದೇವೆ ಎಂದುಕೊಂಡಳೇನೋ. ಅಪ್ಪ ಅವಳ ಪಕ್ಕ ಕೂತು, “ಎಷ್ಟನೇ ಸೂಲಿತ್ತಬೇ? ಏನಾಗಿತ್ತು?” ಎಂದು ಕೇಳಿದ. ಅವಳು ಎಲ್ಲ ಹೇಳಿದಳು. ಕತ್ತಲಾಗುವ ಮೊದಲು ಒಳಗೆ ಹೋಗಿ ನಮಗೆ ಚಹಾ ತಂದಳು. ಲೋಟವನ್ನು ಅಪ್ಪನ ಮುಂದೆ ಹಿಡಿದಳು.

“ಹಾಲಿಲ್ಲಪ್ಪ. ಜಲ್ಮದಾಗ ಮೊದಲ ಸಲ ನನ್ನ ಮನ್ಯಾಗ ಕರೀ ಚಾ ಮಾಡೀನಿ.”

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. “ಚಲೋ ಆಗೈತಿ ಬಿಡಬೇ” ಎಂದು ನಿಧಾನವಾಗಿ ಪೂರ್ತಿ ಕುಡಿದ.