ಹೊಗೆ ಬೇಡ ಎಂದು ಬರೆದುಕೊಟ್ಟೆ

ವೈದ್ಯಕೀಯ ಸಂಶೋಧನೆಗಳನ್ನು ಓದಿ, ಅವುಗಳ ಸಾರವನ್ನು ಒಂದೇ ಹಾಳೆಗೆ ಇಳಿಸಿ ಆರೋಗ್ಯಾಧಿಕಾರಿಗಳ ಮುಂದಿಡುವುದು ನನ್ನ ಕೆಲಸ. ಒಂದಕ್ಕಿಂತ ಹೆಚ್ಚು ಹಾಳೆಯಾದರೆ ಅವರು ಓದುವುದಿಲ್ಲ. ಒಂದೇ ಇದ್ದರೂ ಓದುತ್ತಾರೆಂಬ ಭರವಸೆಯಿಲ್ಲ. ಇದಕ್ಕೆ ನಾನು ಮನೆಯಲ್ಲಿ ಎಷ್ಟು ಸಲ ಗೊಣಗಿದ್ದೇನೋ, ನಮ್ಮ ಅತ್ತೆಯನ್ನೇ ಕೇಳಬೇಕು.

ಆ ಮಳೆಗಾಲ ಊರಲ್ಲಿ ಡೆಂಗಿ ಜೋರಾಗಿತ್ತು. ಎಲ್ಲ ಬಡಾವಣೆಗಳಿಂದಲೂ ಒಂದೇ ಬೇಡಿಕೆ: ಸೊಳ್ಳೆಗೆ ಹೊಗೆ ಹಾಕಿಸಿ. ಬೀದಿಯಲ್ಲಿ ಹೊಗೆ ಬಿಟ್ಟರೆ ಡೆಂಗಿ ತಗ್ಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಹೊಗೆ ಹಾಕುವ ಆಳುಗಳನ್ನೇ ಮನೆಮನೆಗೆ ಕಳಿಸಿ ನಿಂತ ನೀರು ಚೆಲ್ಲಿಸುವುದು ಮೇಲು ಎಂದು ನಾನು ಬರೆದುಕೊಟ್ಟೆ. ಆಗಿನ ಅಧಿಕಾರಿ, ನಿವೃತ್ತಿಗೆ ಹತ್ತಿರವಾಗಿದ್ದ ಡಾಕ್ಟರಮ್ಮ, ಅದನ್ನು ಎರಡೆರಡು ಸಲ ಓದಿದರು.

"ಸರಿಯಾಗೇ ಇದೆ ಕಣಮ್ಮ. ಆದ್ರೆ ಹೊಗೆ ಜನಕ್ಕೆ ಕಾಣ್ಸುತ್ತೆ. ನೀರು ಚೆಲ್ಲಿದ್ದು ಯಾರಿಗೆ ಕಾಣ್ಸುತ್ತೆ?"

"ನಾವು ಮಾಡೋದು ಕಾಣ್ಲಿ ಅಂತಾನಾ ಮೇಡಂ, ಕಾಯಿಲೆ ಹೋಗ್ಲಿ ಅಂತಾನಾ?" ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಆ ಕುರಿತು ನಡೆದ ಸಭೆಯಲ್ಲಿ ಎಲ್ಲರೂ ಮೇಲೆ ಬಿದ್ದರೂ ಜಗ್ಗದೆ ಹೊಗೆ ನಿಲ್ಲಿಸಿದರು. ನಾನೇ ಗೆದ್ದವಳಂತೆ ಅವತ್ತು ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಮುಂದಿನ ವಾರ ನನ್ನ ಮಗಳಿಗೇ ಜ್ವರ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಡೆಂಗಿ. ಚೆನ್ನಾಗಿ ನೀರು ಕುಡಿಸಿ, ದಿನಾ ಕರೆತಂದು ತೋರಿಸಿ ಎಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಇನ್ನೂ ಕೆಲವು ಮಕ್ಕಳು ಜ್ವರ ಬಂದು ಮಲಗಿದ್ದವು.

"ದೊಡ್ಡ ಆಫೀಸರೇ ಗೊತ್ತು ಅಂತೀಯ. ಒಂದು ಸಲ ಹೊಗೆ ಹಾಕ್ಸೋಕಾಗಲ್ವಾ ನಿನ್ ಕೈಲಿ?" ಎಂದು ಅತ್ತೆ ಕಣ್ಣೀರು ಹಾಕಿದರು.

ಹೊಗೆಯಿಂದ ಉಪಯೋಗವಿಲ್ಲವೆಂದು ಅವರಿಗೆ ಗಿಣಿಗೆ ಹೇಳಿದ ಹಾಗೆ ಹೇಳಬಹುದಿತ್ತು. ಹೇಳಲಿಲ್ಲ. ಮಗಳ ಹಣೆ ಮುಟ್ಟಿ ನೋಡಿ, ಜಗಲಿಗೆ ಬಂದು ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಮೇಡಂ, ಮಗಳಿಗೆ ಡೆಂಗಿ ಆಗಿದೆ. ನಮ್ಮ ಬೀದಿಗೆ ಒಂದು ಸಲ ಹೊಗೆಯವರನ್ನ ಕಳಿಸ್ಬುಡಿ."

ನಾನೇ ಬರೆದುಕೊಟ್ಟಿದ್ದನ್ನು ಎತ್ತಿ ಚುಚ್ಚುತ್ತಾರೆ ಅಂದುಕೊಂಡೆ. ಚುಚ್ಚಿದ್ದರೇ ವಾಸಿಯಿತ್ತು.

"ಕಳಿಸಲ್ಲ ಕಣಮ್ಮ," ಎಂದರು ಮೆತ್ತಗೆ. "ನೀರು ನೋಡೋಕೆ ನಾಳೆ ಬೆಳಗ್ಗೆನೇ ಜನ ಬರ್ತಾರೆ. ಇವತ್ತು ಎಷ್ಟೋ ಜನ ತಾಯಂದಿರು ಹಿಂಗೇ ಕೇಳಿದ್ರು, ಎಲ್ಲರಿಗೂ ಇಲ್ಲ ಅಂದೆ. ಅವರಿಗೆ ಏನು ಹೇಳ್ಬೇಕು ಅನ್ನೋದನ್ನ ನೀವು ಬರೆದುಕೊಟ್ಟಿರಲಿಲ್ಲ. ಈಗ ನೀವೇ ಹೇಳಿ, ನಿಮಗೆ ಏನು ಹೇಳ್ಲಿ?"

ಒಳಗೆ ಮಲಗಿದ್ದ ಮಗಳ ಕಡೆ ತಿರುಗಿ ನೋಡಿದೆ.

"ಹೋಗ್ಲಿ ಬುಡಿ," ಎಂದರು ಅವರೇ. "ಮಗು ನೀರು ಕುಡೀತಾ ಇದ್ಯಾ? ಸರಿಯಾಗಿ ಒಂದಕ್ಕೆ ಹೋಗ್ತಾ ಇದ್ಯಾ?"

"ಹೂಂ ಮೇಡಂ" ಎನ್ನುವಷ್ಟರಲ್ಲಿ ಅಳು ಬಂದೇ ಬಿಟ್ಟಿತು. ನಾನು ಅತ್ತು ಮುಗಿಸುವವರೆಗೂ ಅವರು ಫೋನ್ ಇಡಲಿಲ್ಲ.