ಎರಡು ಮನೆ ಅಜ್ಜಿಯ ಸಂಬಳ

ಮೂರನೇ ಮಹಡಿಯ ಅಜ್ಜಿ ಬುದ್ಧಿ ಬಂದಾಗಿನಿಂದ ದುಡಿದವಳು. ಆದರೆ ಸಂಬಳ ಅಂತ ಒಂದು ನೋಟನ್ನೂ ಕೈಯಲ್ಲಿ ಹಿಡಿದವಳಲ್ಲ. ಮದುವೆಗೆ ಮುಂಚೆ ಅಣ್ಣನ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದಳು; ಅದು ಮನೆ ಕೆಲಸವಂತೆ. ಮದುವೆಯಾದ ಮೇಲೆ ಗಂಡನ ಹೊಲಿಗೆ ಅಂಗಡಿಯಲ್ಲಿ ಕೂತು ಕಾಜಾ ಹೊಲಿದಳು, ಗುಂಡಿ ಹಾಕಿದಳು. ಅದೂ ಮನೆ ಕೆಲಸವಂತೆ. ಗಂಡನೇನೂ ಕೆಟ್ಟವನಲ್ಲ, ಕೇಳಿದರೆ ಕೊಡುತ್ತಿದ್ದ. ಆದರೆ ಕೇಳಬೇಕಿತ್ತಲ್ಲ! ಒಂದು ಜೊತೆ ಚಪ್ಪಲಿಗೂ ಕೈಚಾಚಬೇಕು ಅಂದರೆ ಆಕೆಗೆ ಪ್ರಾಣವೇ ಹೋದ ಹಾಗಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಮಗನ ಮನೆಗೆ ಬಂದಳು, ಮೊಮ್ಮಗ ಗುಂಡನನ್ನು ಸೊಂಟಕ್ಕೇರಿಸಿಕೊಂಡಳು. ಇನ್ನು ಅದನ್ನಂತೂ ಕೆಲಸ ಅಂತ ಯಾರು ಕರೆಯುತ್ತಾರೆ ಬಿಡಿ.

ಹೀಗಿರುವಾಗ ಕೆಳಗಿನ ಮನೆಯ ನರ್ಸಮ್ಮನಿಗೆ ಹೆರಿಗೆ ರಜೆ ಮುಗಿಯಿತು. ಮಗಳು ಪುಟ್ಟಿಯನ್ನು ನೋಡಿಕೊಳ್ಳಲು ಆಯಾ ಹುಡುಕಿ ಹುಡುಕಿ ಸಾಕಾಯಿತು. ಸಿಕ್ಕವರು ಹೇಳಿದ ಸಂಬಳ ಕೇಳಿ ಆಕೆಯ ಗಂಡನಿಗೆ ತಲೆ ತಿರುಗಿತು. ಕೊನೆಗೆ ಆಕೆ ಮೇಲೆ ಬಂದು ಅಜ್ಜಿಯ ಎದುರು ಕೂತಳು.

“ಅಜ್ಜಿ, ನಿಮ್ಮ ಗುಂಡನ ಜೊತೆ ನಮ್ಮ ಪುಟ್ಟೀನೂ ನೋಡ್ಕೋತೀರಾ? ನಮ್ಮ ವಾರ್ಡಲ್ಲಿ ಇಬ್ಬರು ಸೇರಿ ಒಬ್ಬ ಆಯಾನ ಇಟ್ಕೊಂಡಿದ್ದಾರೆ. ಒಂದೇ ಮಗು ಆದ್ರೆ ಎಷ್ಟು ಕೊಡಬೇಕೋ, ಅದರ ಮೂರು ಪಾಲಲ್ಲಿ ಎರಡು ಪಾಲು ಒಂದೊಂದು ಮನೆಯವರು ಕೊಡ್ತಾರೆ.”

“ಅರ್ಧ ಅರ್ಧ ಅಲ್ವಾ?”

“ಅರ್ಧ ಅರ್ಧ ಮಾಡಿದ್ರೆ ಒಂದು ಮಗುವಿನ ದುಡ್ಡಿಗೆ ಎರಡು ಮಗು ಹೊರಿಸಿದ ಹಾಗಾಗುತ್ತಲ್ಲ ಅಜ್ಜಿ. ಹೀಗಾದ್ರೆ ನಮಗೂ ಉಳಿಯುತ್ತೆ, ಆಯಾಗೂ ಕೈತುಂಬ ಸಿಗುತ್ತೆ. ನಾನು ನನ್ನ ಪಾಲು ನಿಮಗೆ ಕೊಡ್ತೀನಿ.”

ಅಜ್ಜಿ ಹೂಂ ಅಂದಳು. ಎಷ್ಟು ಬೇಗ ಅಂದಳೆಂದರೆ ನರ್ಸಮ್ಮನಿಗೇ ನಗು ಬಂತು. ಮಾರನೆಯ ದಿನದಿಂದ ಒಂದು ತೊಡೆಯ ಮೇಲೆ ಗುಂಡ, ಇನ್ನೊಂದರ ಮೇಲೆ ಪುಟ್ಟಿ. ಒಬ್ಬರು ಮಲಗಿದರೆ ಇನ್ನೊಬ್ಬರು ಏಳುತ್ತಾರೆ, ಒಬ್ಬರು ಕಕ್ಕಿದರೆ ಇನ್ನೊಬ್ಬರು ಅದರಲ್ಲೇ ಕೈ ಆಡಿಸುತ್ತಾರೆ. ಸಂಜೆಯಾಗುವಷ್ಟರಲ್ಲಿ ಅಜ್ಜಿಯ ಸೊಂಟ ಬಿದ್ದುಹೋಗುತ್ತಿತ್ತು. ಆದರೂ ಆ ತಿಂಗಳು ಆಕೆ ಗೊಣಗಿದ್ದನ್ನು ಯಾರೂ ಕೇಳಲಿಲ್ಲ. ತಿಂಗಳ ಕೊನೆಗೆ ತನ್ನದೇ ಸಂಬಳ ಬರುತ್ತದೆ ಅನ್ನುವ ಖುಷಿ ಅದು.

ಸಂಬಳದ ದಿನ ನರ್ಸಮ್ಮ ಲಕೋಟೆ ಹಿಡಿದು ಬಂದಾಗ ಅಜ್ಜಿ ಮಕ್ಕಳ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು. ಬಾಗಿಲು ತೆಗೆದವನು ಮಗ. ಲಕೋಟೆ ಅವನ ಕೈಗೆ ಹೋಯಿತು, ಅವನ ಕೈಯಿಂದ ನೇರ ದಿನಸಿ ಅಂಗಡಿಗೆ ಹೋಯಿತು.

“ನನ್ನ ಸಂಬಳ ಎಲ್ಲಪ್ಪಾ?” ಅಂತ ಅಜ್ಜಿ ಕೇಳಿದಳು.

“ಅಂಗಡಿ ಬಾಕಿ ತೀರಿಸಿದೆ ಕಣಮ್ಮಾ. ನಮ್ಮ ಮನೆ, ನಮ್ಮ ಕರೆಂಟು, ಎಲ್ಲ ಒಂದೇ ಅಲ್ವಾ? ನಿನಗೇನಾದ್ರೂ ಬೇಕಾದ್ರೆ ಕೇಳು, ಕೊಡ್ತೀನಿ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ನೋಡಿ ಸಂಕಟ. ಅಣ್ಣ, ಗಂಡ, ಈಗ ಮಗ. ಮೂವರ ಮುಂದೆಯೂ ಅದೇ ಕೇಳುವ ಪಾಡು. ಈ ಸಲ ಬಿಟ್ಟುಕೊಟ್ಟರೆ ಸಾಯುವವರೆಗೂ ಕೇಳುತ್ತಲೇ ಇರಬೇಕು ಅಂತ ಅಜ್ಜಿಗೆ ಗೊತ್ತಾಗಿಹೋಯಿತು. ಸಂಜೆ ಕೆಳಗಿಳಿದು ನರ್ಸಮ್ಮನ ಜೊತೆ ಮಾತಾಡಿ ಬಂದಳು.

ಬೆಳಿಗ್ಗೆ ಮಗ ಸೊಸೆ ಹೊರಡುವ ಹೊತ್ತಿಗೆ ಅಜ್ಜಿಯೂ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ನಿಂತಿದ್ದಳು.

“ಎಲ್ಲಿಗಮ್ಮಾ?”

“ಕೆಲಸಕ್ಕೆ. ಇವತ್ತಿಂದ ಕೆಳಗಿನ ಮನೇಲಿ. ಗುಂಡನ್ನೂ ಕಳಿಸಬಹುದು, ಒಂದು ಮನೆಯ ಪಾಲು ಕೊಟ್ಟು.”

“ಹೆತ್ತ ಮಗನ ಹತ್ರ ಸಂಬಳ ಕೇಳ್ತೀಯಾ?”

“ಮಗನ ಹತ್ರ ಯಾಕೆ ಕೇಳಲಿ? ಗುಂಡನ ಅಪ್ಪನ ಹತ್ರ ಕೇಳ್ತಿದ್ದೀನಿ. ಮುತ್ತು ಕೊಡೋದಕ್ಕೆ ಕಾಸಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕಾಯೋದಕ್ಕೆ ಇದೆ.”

ಮಗನಿಗೆ ಸಿಟ್ಟು ನೆತ್ತಿಗೇರಿತು. ನಾನೇ ನೋಡ್ಕೋತೀನಿ ಅಂತ ರಜೆ ಹಾಕಿ ಕೂತ. ಪಾಪ, ಮಧ್ಯಾಹ್ನದ ಹೊತ್ತಿಗೆ ಗಂಜಿ ಅವನ ಕಿವಿಯಲ್ಲಿತ್ತು, ಟಿವಿಯ ರಿಮೋಟು ಬಕೆಟ್ಟಿನಲ್ಲಿತ್ತು, ಗುಂಡ ಮಂಚದ ಕೆಳಗೆ ಕೂತು ಆಚೆ ಬರಲ್ಲ ಅಂತ ಹಟ ಹಿಡಿದಿದ್ದ. ಸಂಜೆ ಸೊಸೆ ಬಂದು ಈ ಅವತಾರ ನೋಡಿದಳು. ನಗು ತಡೆದುಕೊಂಡು ಗಂಡನಿಗೆ ಹೇಳಿದಳು.

“ನನ್ನ ಮೊದಲ ಸಂಬಳದ ದಿನ ನಾನು ಎಷ್ಟು ಮೆರೆದಿದ್ದೆ ಅಂತ ನಿಮಗೆ ಗೊತ್ತು. ಅತ್ತೆಗೆ ಆ ದಿನ ಬಂದಿತ್ತು. ನೀವು ಅದನ್ನ ಅಂಗಡಿಯವನಿಗೆ ಕೊಟ್ಟುಬಿಟ್ರಿ.”

ಅವನು ಗುಂಡನನ್ನು ಎತ್ತಿಕೊಂಡು, ಹೆಂಡತಿಯ ಜೊತೆ ಕೆಳಗಿಳಿದು, ನರ್ಸಮ್ಮನ ಬಾಗಿಲು ತಟ್ಟಿದ. ಅಜ್ಜಿಯೇ ಬಾಗಿಲು ತೆಗೆದಳು.

“ತಪ್ಪಾಯ್ತಮ್ಮಾ. ನಾಳೆಯಿಂದ ಇವನನ್ನೂ ಇಟ್ಕೋ. ನನ್ನ ಪಾಲು ಕೊಡ್ತೀನಿ.”

ಅಜ್ಜಿ ಅಷ್ಟಕ್ಕೇ ಬಿಡುವವಳೇ? ಎರಡೂ ಮನೆಯವರನ್ನು ಕೂರಿಸಿಕೊಂಡಳು. “ಸಂಬಳ ನನ್ನ ಕೈಗೇ ಬರಬೇಕು. ಒಬ್ಬರು ಊರಿಗೆ ಹೋದ್ರೂ ಅವರ ಪಾಲು ನಿಲ್ಲಬಾರದು. ಮಗು ಬರದಿದ್ರೂ ನಾನು ಬಂದು ಕೂತಿರ್ತೀನಲ್ಲ. ಆ ಪಾಲನ್ನ ಇನ್ನೊಬ್ಬರ ಮೇಲೆ ಹೊರಿಸಲೂಬಾರದು. ಮತ್ತೆ ತಿಂಗಳಿಗೊಂದು ರಜೆ, ಸಂಬಳ ಹಿಡಿಯದೆ.”

ನರ್ಸಮ್ಮ ಮೊದಲು ತಲೆಯಾಡಿಸಿದಳು. ಮಗ ಹೆಂಡತಿಯ ಮುಖ ನೋಡಿ ತಾನೂ ಆಡಿಸಿದ.

ಮುಂದಿನ ತಿಂಗಳು ಅಜ್ಜಿಯ ಕೈಗೆ ಎರಡು ಲಕೋಟೆ ಬಂದವು. ಮಗ ಕೊಟ್ಟದ್ದು ದಪ್ಪಗಿತ್ತು. ಹಿಂದಿನ ತಿಂಗಳು ಅಂಗಡಿಗೆ ಹೋದದ್ದನ್ನೂ ಸೇರಿಸಿದ್ದ. ಅಜ್ಜಿ ಬೆರಳಿಗೆ ಎಂಜಲು ಹಚ್ಚಿ ಎಣಿಸಿದಳು. ಕಣ್ಣಲ್ಲಿ ನೀರು ತುಂಬಿ ಲೆಕ್ಕ ತಪ್ಪಿತು, ಮತ್ತೆ ಎಣಿಸಿದಳು.

“ಸರಿ ಇದೆಯಾ ಅತ್ತೆ?” ಅಂದಳು ಸೊಸೆ.

“ಇರು ತಾಯಿ, ಇನ್ನೊಂದು ಸಲ ಎಣಿಸ್ತೀನಿ. ಎಣಿಸೋಕೇ ಚೆನ್ನಾಗಿದೆ.”

ರಜೆಯ ದಿನ ಅಜ್ಜಿ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ಕೊನೆಯ ನಿಲ್ದಾಣದವರೆಗೆ ಟಿಕೆಟ್ ತೆಗೆದುಕೊಂಡಳು. ಅಲ್ಲಿ ಇಳಿದು, ಎದುರಿನ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿ ಟೀ ಕುಡಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ಮಗ.

“ಅಮ್ಮಾ, ಗುಂಡ ಏನು ಮಾಡಿದ್ರೂ ಮಲಗ್ತಿಲ್ಲ. ಹೇಗೆ ಮಲಗಿಸ್ಲಿ?”

“ಅದನ್ನ ಆಯಾನ ಕೇಳಪ್ಪಾ,” ಅಂದಳು ಅಜ್ಜಿ. “ನಾಳೆ ಬೆಳಿಗ್ಗೆ ಕೆಲಸಕ್ಕೆ ಬರ್ತಾಳೆ.”

ಫೋನು ಚೀಲಕ್ಕೆ ಹಾಕಿ ಇನ್ನೊಂದು ಟೀ ಹೇಳಿದಳು.